ಅಜ್ಜಿಯ ಕನ್ನಡಕಕ್ಕೆ ನಮ್ದಾ ಚಕ್ರ

ನಮ್ಮ ಮನೆಯಲ್ಲಿ ಎರಡು ಮಡಿ ಇದ್ದವು. ಅಡುಗೆಮನೆಯಲ್ಲಿ ಅಜ್ಜಿಯ ಮಡಿ, ಮುಂದಿನ ಜಗಲಿಯಲ್ಲಿ ಅಪ್ಪನ ಮಡಿ. ಅಜ್ಜಿಯ ಮಡಿಯನ್ನು ಹೇಗೋ ತಪ್ಪಿಸಿಕೊಂಡು ಓಡಾಡಬಹುದಿತ್ತು. ಸ್ನಾನ ಮಾಡದೆ ಉಪ್ಪಿನಕಾಯಿ ಜಾಡಿಗೆ ಕೈಹಾಕಿ ಸಿಕ್ಕಿಬಿದ್ದರೂ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಅಪ್ಪನದಕ್ಕೆ ಮಾಫಿ ಇರಲಿಲ್ಲ. ಯಶವಂತಪುರದ ಸಂತೆಬೀದಿಯ ಹಿಂದೆ ಮೂರು ಕೋಣೆಯ ಹೆಂಚಿನ ಮನೆ ನಮ್ಮದು. ಜಗಲಿಗೆ ತಗಡು ಹೊಡೆದು ಅಪ್ಪ ಅದನ್ನು ಗಾಜು ಉಜ್ಜುವ ಕೆಲಸದ ಜಾಗ ಮಾಡಿಕೊಂಡಿದ್ದರು. ಸಲೂನಿನ ಕನ್ನಡಿ, ಬೇಕರಿಯ ಷೋಕೇಸು, ಬೀರುವಿನ ಬಾಗಿಲ ಗಾಜು, ದೇವರಪಟದ ಗಾಜು ಎಲ್ಲವೂ ಅಂಚು ಉಜ್ಜಿಸಿಕೊಳ್ಳಲು ಅಲ್ಲಿಗೇ ಬರುತ್ತಿದ್ದವು. ಸ್ಟೇಷನ್ನಿನ ಕಡೆ ಗೂಡ್ಸ್ ರೈಲು ಹೊರಟರೆ ಗೋಡೆಗೆ ಒರಗಿಸಿಟ್ಟ ಗಾಜುಗಳೆಲ್ಲ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಆ ಸದ್ದು ಕೇಳದೆ ನನಗೆ ಇಂದಿಗೂ ಮನೆ ಮನೆಯೆನಿಸುವುದಿಲ್ಲ.

ಜಗಲಿಯಲ್ಲಿ ಇದ್ದದ್ದು ಒಂದೇ ಮೋಟರು, ಚಕ್ರಗಳು ಮಾತ್ರ ಮೂರು. ಒರಟು ಅಂಚು ತಿಕ್ಕಲು ಕಲ್ಲಿನ ಚಕ್ರ. ಕಲ್ಲು ಬಿಟ್ಟ ಗೀಚುಗಳನ್ನು ಸವೆಸಲು ನುಣ್ಣನೆ ಪುಡಿ ಮೆತ್ತಿದ ಮರದ ಚಕ್ರ. ಕೊನೆಯಲ್ಲಿ ಹೊಳಪು ಕೊಡಲು ಉಣ್ಣೆಯನ್ನು ಒತ್ತಿ ಒತ್ತಿ ಗಟ್ಟಿ ಮಾಡಿದ ಚಕ್ರ. ಅದಕ್ಕೆ ಅಪ್ಪ ನಮ್ದಾ ಎನ್ನುತ್ತಿದ್ದರು. ಶಿವಾಜಿನಗರದಲ್ಲಿ ಅವರಿಗೆ ಕೆಲಸ ಕಲಿಸಿದ ಉಸ್ತಾದರು ಕೊಟ್ಟ ಹೆಸರು ಅದು. ನಮ್ದಾಕ್ಕೆ ಕೆಂಪು ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚಬೇಕು. ಕಲ್ಲಿನ ಚಕ್ರದ ಒಂದೇ ಒಂದು ಹರಳು ಅದರ ಉಣ್ಣೆಯೊಳಗೆ ಸೇರಿಕೊಂಡರೆ ಮುಗಿಯಿತು, ಆಮೇಲೆ ಮುಟ್ಟಿದ ಗಾಜನ್ನೆಲ್ಲ ಅದು ಗೀಚುತ್ತಾ ಹೋಗುತ್ತದೆ. ಹಾಗಾಗಿ ಕಲ್ಲು ಮುಟ್ಟಿದ ಕೈಯನ್ನು ಸೀಗೆಪುಡಿ ಹಾಕಿ ತೊಳೆಯದೆ ನಮ್ದಾ ಮುಟ್ಟುವಂತಿಲ್ಲ. ಮೂರು ಚಕ್ರಕ್ಕೆ ಮೂರು ಬಕೆಟ್ ನೀರು, ಗೋಡೆಯಲ್ಲಿ ಮೂರು ಮೊಳೆ, ಮೂರು ಮೊಳೆಗೆ ಮೂರು ಬಟ್ಟೆ. ನಮ್ದಾ ಮಾತ್ರ ಒಳಗಿನ ಕೋಣೆಯ ತಗಡಿನ ಡಬ್ಬದಲ್ಲಿ, ಅಮ್ಮನ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮಲಗಿರುತ್ತಿತ್ತು. ‘ನನ್ನ ಮದುವೆ ಸೀರೆ ಉಡೋಕೆ ಈ ಮನೇಲಿ ಚಕ್ರಕ್ಕೇ ಯೋಗ’ ಎಂದು ಅಮ್ಮ ಹಬ್ಬಹಬ್ಬಕ್ಕೂ ಗೊಣಗುತ್ತಿದ್ದಳು. ಅಜ್ಜಿ ಮಾತ್ರ ಅಳಿಯನ ಪಕ್ಷ. ಉಣ್ಣೆ, ರೇಷ್ಮೆ ಎರಡೂ ಮಡಿಯೇ, ಅದರಲ್ಲಿ ತಪ್ಪೇನಿದೆ ಎನ್ನುವುದು ಅವರ ನ್ಯಾಯ.

ಯಾವ ಗಾಜಿಗೆ ಯಾವ ಚಕ್ರ ಎನ್ನುವುದನ್ನು ಅಪ್ಪ ಕಣ್ಣಿನಿಂದ ನಿರ್ಧರಿಸುತ್ತಿರಲಿಲ್ಲ. ಎಡಗೈ ಹೆಬ್ಬೆರಳಿನ ಉಗುರನ್ನು ಅವರು ಬೇಕೆಂದೇ ಬೆಳೆಸಿದ್ದರು. ಅದನ್ನು ಗಾಜಿನ ಮೇಲೆ ನಿಧಾನವಾಗಿ ಎಳೆದು, ತಲೆ ಓರೆ ಮಾಡಿ ಕೇಳಿಸಿಕೊಳ್ಳುವರು. ಪಕ್ಕದಲ್ಲಿ ಚೊಂಬು ಹಿಡಿದು ಚಕ್ರಕ್ಕೆ ಹನಿಹನಿಯಾಗಿ ನೀರು ಬಿಡುವುದು ನನ್ನ ಕೆಲಸ.

‘ಉಗುರು ಸಿಕ್ಕಾಕ್ಕೊಂಡ್ರೆ ಕಲ್ಲು. ಕರಕರ ಅಂದ್ರೆ ಮರ. ಜಾರ್ಕೊಂಡು ಹೋದ್ರೆ ನಮ್ದಾ. ಒಂದನ್ನ ಹಾರಿಸಿ ಇನ್ನೊಂದಕ್ಕೆ ಹೋಗೋ ಹಾಗಿಲ್ಲ ಕಣೆ ಲಲ್ಲಿ. ಗಾಜು ಎಲ್ಲಾನೂ ತೋರಿಸಿಬಿಡುತ್ತೆ.’

ಉಜ್ಜಿ ಮುಗಿದ ಗಾಜನ್ನು ಕಿಟಕಿಯ ಕಡೆ ಎತ್ತಿ ಹಿಡಿದು, ಅದರ ಮೂಲಕ ಸರಳುಗಳನ್ನು ನೋಡುತ್ತಾ ಮೆಲ್ಲಗೆ ಅತ್ತಿತ್ತ ಆಡಿಸುವುದು ಅವರ ಕೊನೆಯ ಪರೀಕ್ಷೆ. ಸರಳು ನೆಟ್ಟಗೆ ನಿಂತರೆ ಪಾಸು. ಸರಳು ಕುಣಿದರೆ, ಅದು ಎಷ್ಟೇ ಹೊಳೆಯುತ್ತಿರಲಿ, ಪಕ್ಕಕ್ಕೆ. ನನಗಾಗ ಹನ್ನೊಂದು ವರ್ಷ. ಭಾನುವಾರಗಳಲ್ಲಿ ಬೇಡವಾದ ಗಾಜಿನ ಚೂರುಗಳನ್ನು ಮರದ ಚಕ್ರಕ್ಕೆ ಹಿಡಿಯಲು ಅಪ್ಪ ನನ್ನನ್ನು ಬಿಡುತ್ತಿದ್ದರು. ನಮ್ದಾದ ಮುಂದೆ ಕೂರುವುದು ನನ್ನ ಆಗಿನ ಏಕೈಕ ಆಸೆ. ಓರಗೆಯ ಹುಡುಗಿಯರು ಲಂಗದ ಬಟ್ಟೆಗೆ ಹಟ ಮಾಡುತ್ತಿದ್ದರೆ ನಾನು ಚಕ್ರಕ್ಕೆ ಹಟ ಮಾಡುತ್ತಿದ್ದೆ. ‘ದೀಪಾವಳಿ ಕಳೀಲಿ, ನೋಡೋಣ’ ಎಂದಿದ್ದರು ಅಪ್ಪ. ಜೊತೆಗೆ ಒಂದು ಷರತ್ತು: ಕೇಳದೆ ನಮ್ದಾ ಮುಟ್ಟಿದವರು ಮತ್ತೆ ಮೋಟರಿನ ಹತ್ತಿರ ಬರುವ ಹಾಗಿಲ್ಲ. ಅವರು ಹಾಗೆ ಹೇಳಿದರೆ ಹಾಗೆಯೇ. ಊರಿನಿಂದ ಬಂದು ನಮ್ಮಲ್ಲಿ ಕೆಲಸಕ್ಕಿದ್ದ ಅಪ್ಪನ ಸ್ವಂತ ಚಿಕ್ಕಪ್ಪನನ್ನೇ ಇದೇ ತಪ್ಪಿಗೆ ವಾಪಸು ಕಳಿಸಿದ್ದರು.

ಇನ್ನು ಅಜ್ಜಿ. ಅವರು ಅಮ್ಮನ ತಾಯಿ, ಕೊಡಿಗೇಹಳ್ಳಿಯವರು. ತಾತ ತೀರಿಕೊಂಡ ಮೇಲೆ ಅಲ್ಲೇ ಹತ್ತಿರ ಸಿಂಗಾಪುರವೆಂಬ ಹಳ್ಳಿಯಲ್ಲಿದ್ದ ಮಗನ ಮನೆಗೆ ಹೋಗದೆ ಮಗಳ ಮನೆಗೆ ಬಂದಿದ್ದರು. ಸೊಸೆಗೂ ಅವರಿಗೂ ಎಣ್ಣೆ ಸೀಗೇಕಾಯಿ. ಆದರೆ ಅಳಿಯನ ಮನೆಯಲ್ಲಿ ಕೂತು ಉಣ್ಣುತ್ತಿದ್ದೇನೆ ಎಂಬ ಸಂಕೋಚ ಅವರನ್ನು ಒಂದು ದಿನವೂ ಬಿಡಲಿಲ್ಲ. ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡಬಾರದೆನ್ನುವುದು ಅವರ ಕಡೆಯ ರೂಢಿ. ನಾಲ್ಕು ವರ್ಷದಿಂದ ಅಪ್ಪನೊಡನೆ ಅವರು ಆಡಿದ್ದೆಲ್ಲ ನನ್ನ ಮೂಲಕವೇ. ‘ಲಲ್ಲಿ, ನಿಮ್ಮಪ್ಪಂಗೆ ಏಳು, ಎಲೆ ಆಕಿದೆ ಅಂತ.’ ಅಪ್ಪ ಮೂರು ಮಾರು ದೂರದಲ್ಲೇ ಇದ್ದು ಎಲ್ಲ ಕೇಳಿಸಿಕೊಂಡಿರುತ್ತಿದ್ದರು. ಆದರೂ ನಾನು ಓಡಿಹೋಗಿ ಹೇಳುವ ತನಕ ಏಳುತ್ತಿರಲಿಲ್ಲ. ಇಬ್ಬರೂ ಸೇರಿ ನನ್ನ ಕಾಲು ಸವೆಸಿದರು.

ಗಾಜಿನ ಕೆಲಸದವರ ಮನೆಯಲ್ಲಿ ಒಂದು ಭಯ ಸದಾ ಇರುತ್ತದೆ: ಗಾಜಿನ ಚೂರು ತಟ್ಟೆಗೆ ಬಂದೀತು ಎಂದು. ಬಟ್ಟೆಗೆ ಅಂಟಿಕೊಂಡು, ಕೂದಲಲ್ಲಿ ಕೂತು, ಗಾಳಿಗೆ ಹಾರಿ ಹೇಗಾದರೂ ಒಳಗೆ ಬಂದುಬಿಡುತ್ತದೆ. ಅದನ್ನು ತಡೆಯುವುದು ಅಜ್ಜಿಯ ಕೆಲಸ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರಿಗೆ ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂದಿತ್ತು. ಅದನ್ನು ಹಾಕಿಕೊಂಡು ಮೊರದಲ್ಲಿ ಸೊಸೈಟಿ ಅಕ್ಕಿ ಹರಡಿ ಒಂದು ಕಲ್ಲೂ ಉಳಿಯದ ಹಾಗೆ ಆರಿಸುವರು. ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಓರೆ ಹಿಡಿದು ನೋಡಿ ಇಡುವರು. ‘ನೋಡಿದ್ದೀನಿ’ ಎಂದು ಅಜ್ಜಿ ಹೇಳದೆ ಅಪ್ಪ ತುತ್ತು ಎತ್ತುತ್ತಿರಲಿಲ್ಲ. ಆ ಒಂದು ಮಾತಿನಿಂದ ಅಜ್ಜಿ ಆ ಮನೆಯಲ್ಲಿ ತಲೆಯೆತ್ತಿಕೊಂಡಿದ್ದರು. ಇದು ನನಗೆ ಅರ್ಥವಾದದ್ದು ಅದನ್ನು ನಾನೇ ಕೆಡಿಸಿದ ಮೇಲೆ.

ಕೆಡಿಸಿದ್ದು ಬಟ್ಟೆ ಒಗೆಯುವಾಗ. ಮೂರು ಮೊಳೆಯ ಬಟ್ಟೆಗಳನ್ನು ಬೇರೆ ಬೇರೆ ನೀರಿನಲ್ಲಿ ಒಗೆಯಬೇಕೆಂದು ಅಪ್ಪನ ಕಟ್ಟಪ್ಪಣೆ. ಒಂದು ಶನಿವಾರ ಬೀದಿಯಲ್ಲಿ ಕುಂಟೆಬಿಲ್ಲೆ ನಡೆಯುತ್ತಿತ್ತು, ನನ್ನ ಸರದಿ ಬರುವುದಿತ್ತು. ಮೂರನ್ನೂ ಒಂದೇ ಬಕೆಟ್ಟಿಗೆ ತುರುಕಿ, ಒಂದು ಸಲ ಹಿಂಡಿ, ಅವವುಗಳ ಮೊಳೆಗೆ ಹಾಕಿ ಓಡಿದೆ. ಮೂರನೆಯ ಮೊಳೆಯ ಬಟ್ಟೆ ಮನೆಯಲ್ಲೇ ಎಲ್ಲಕ್ಕಿಂತ ಮೆತ್ತನೆಯದು. ಕನ್ನಡಕ ಒರೆಸಲು ಅದನ್ನೇ ಬಳಸಬೇಕು, ಸೆರಗಿನಲ್ಲಿ ಒರೆಸಬಾರದು ಎಂದು ಅಪ್ಪನೇ ಅಜ್ಜಿಗೆ ನನ್ನ ಮೂಲಕ ಹೇಳಿ ಕಳಿಸಿದ್ದರು. ಅಜ್ಜಿ ಹೇಳಿದ್ದನ್ನು ಮಾಡುವವರು. ಭಾನುವಾರ ಬೆಳಿಗ್ಗೆ ಎಂದಿನಂತೆ ಆ ಬಟ್ಟೆಯಲ್ಲಿ ಒರೆಸಿದರು. ಕಲ್ಲಿನ ಚಕ್ರದ ಹರಳು ಅದರಲ್ಲಿ ಸೇರಿಕೊಂಡಿತ್ತು. ಬಲಗಡೆಯ ಗಾಜಿನ ನಟ್ಟನಡುವೆ ಬೆಕ್ಕು ಪರಚಿದ ಹಾಗೆ ನಾಲ್ಕು ಗೀರು ಬಿದ್ದವು.

‘ಇದೇನ್ ಕೂಸೆ, ಮಂಜು ಬಿದ್ದಂಗದೆ’ ಎಂದು ಅಜ್ಜಿ ಇನ್ನೊಮ್ಮೆ ಒರೆಸಲು ಹೋದರು. ನಾನು ಬಟ್ಟೆಯನ್ನು ಕಿತ್ತುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನನ್ನು ಯಾರೂ ಕಳ್ಳಿ ಎನ್ನುವ ಮೊದಲೇ ನಾನು ನೋಡಿಕೊಂಡೆ. ಮೂರು ಬಟ್ಟೆಗಳನ್ನೂ ಮತ್ತೆ ಬೇರೆ ಬೇರೆಯಾಗಿ ಕುದಿಸಿ ಒಗೆದು ಹಾಕಿದೆ. ಆದರೆ ಕನ್ನಡಕ? ಅಪ್ಪನಿಗೆ ಹೇಳಿದರೆ ದೀಪಾವಳಿಯ ಮಾತು ಅಲ್ಲಿಗೇ ಮುಗಿಯುತ್ತದೆ. ಹೇಳದಿದ್ದರೆ ಅಜ್ಜಿಗೆ ಮಂಜು.

ಮರುದಿನ ನನಗೆ ಶಾಲೆಗೆ ರಜೆ. ಅಪ್ಪ ಜಕ್ಕೂರಿನ ವಿಮಾನದ ಮೈದಾನದಲ್ಲಿ ಯಾವುದೋ ಕಟ್ಟಡಕ್ಕೆ ಕಿಟಕಿ ಗಾಜಿನ ಅಳತೆ ತರಲು ಸೈಕಲ್ಲಿನಲ್ಲಿ ಹೋದರು. ಅಮ್ಮ ನಾಮಕರಣವೊಂದಕ್ಕೆ ಹೋಗಿದ್ದಳು. ಮಧ್ಯಾಹ್ನ ಅಜ್ಜಿ ಕನ್ನಡಕ ತೆಗೆದು ಗೋಡೆಯ ಗೂಡಿನಲ್ಲಿಟ್ಟು ಮಲಗಿದರು. ನಾನು ಸೀಗೆಪುಡಿಯಲ್ಲಿ ಎರಡು ಸಲ ಕೈ ತೊಳೆದೆ. ಗೀರಿನ ಮೇಲೆ ಉಗುರು ಎಳೆದೆ, ಜಾರಿತು. ನಮ್ದಾವೇ ಸರಿ. ಮರದ ಚಕ್ರ ಬಿಚ್ಚಿ, ದಂಡ ತೊಳೆದು, ರೇಷ್ಮೆಯಿಂದ ನಮ್ದಾ ತೆಗೆದು ಕೂರಿಸಿ, ತಿರುಪು ಬಿಗಿ ಮಾಡಿ, ಕೆಂಪು ಪುಡಿ ಕಲಸಿ ಹಚ್ಚಿದೆ. ಪುಣ್ಯಕ್ಕೆ ಅಂದು ಕರೆಂಟು ಕೈಕೊಡಲಿಲ್ಲ. ಪುಣ್ಯವೋ ಪಾಪವೋ. ಕಾಲಿನ ಹತ್ತಿರ ಚೊಂಬು ಇಟ್ಟುಕೊಂಡು, ನಾನೇ ನೀರು ಚಿಮುಕಿಸಿಕೊಳ್ಳುತ್ತಾ, ಫ್ರೇಮಿನ ಸಮೇತ ಕನ್ನಡಕವನ್ನು ಚಕ್ರಕ್ಕೆ ಹಿಡಿದೆ. ನಮ್ದಾ ಗಾಜನ್ನು ಮುಟ್ಟಿದಾಗ ಸದ್ದೇ ಬರುವುದಿಲ್ಲ, ಕೈಗೆ ಮಾತ್ರ ಒಂದು ನಡುಕ ಬರುತ್ತದೆ. ಆ ನಡುಕದ ಸುಖವನ್ನು ನಾನು ಹೇಳಲಾರೆ. ಗೀರುಗಳು ಸಣ್ಣದಾದವು, ಎಳೆಯಾದವು, ಹೋದವು. ಬಲಗಣ್ಣು ಅಷ್ಟು ಹೊಳೆಯುವಾಗ ಎಡಗಣ್ಣು ಮಂಕಾಗಿ ಕಂಡಿತು, ಅದಕ್ಕೆ ಅದನ್ನೂ ಉಜ್ಜಿದೆ! ಬುದ್ಧಿವಂತೆ ಮೂರು ಕಡೆ ಕೆಟ್ಟಳು ಅನ್ನುವುದು ನನ್ನಂಥವರಿಗೇ.

ಚಕ್ರಗಳನ್ನೂ ಕನ್ನಡಕವನ್ನೂ ನಾನು ಮೊದಲಿದ್ದಲ್ಲೇ ಇಟ್ಟ ಮೇಲೆ ಅಜ್ಜಿ ಎದ್ದು ಗೂಡಿಗೆ ಕೈಹಾಕಿ ಕನ್ನಡಕ ಹಾಕಿಕೊಂಡರು. ನಾನು ಎದುರಿಗೇ ನಿಂತಿದ್ದೆ. ಅವರು ನನ್ನ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು. ಒಂದು ಸಲ ತೆಗೆದು ಮತ್ತೆ ಹಾಕಿಕೊಂಡರು. ನನ್ನ ಕೈಯೆಳೆದು ಬೆರಳುಗಳನ್ನು ಕಣ್ಣಿನ ಹತ್ತಿರ ತಂದು ಹಿಡಿದುಕೊಂಡರು, ಮುದ್ದು ಮಾಡುತ್ತಿದ್ದಾರೆ ಎಂದುಕೊಂಡೆ.

‘ಈಗ ಮಂಜು ಇಲ್ವಾ ಅಜ್ಜಿ?’

‘ಇಲ್ಲ ಕೂಸೆ. ಪಳಪಳ ಅಂತದೆ’ ಎಂದರು.

ಆ ಇಡೀ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಅಪ್ಪ ಮೂವತ್ತು ವರ್ಷದಲ್ಲಿ ಕಲಿತದ್ದನ್ನು ಒಂದೇ ಮಧ್ಯಾಹ್ನ ಮಾಡಿ ಮುಗಿಸಿದ್ದೆನಲ್ಲ! ಆಮೇಲೆ ಒಂದು ದಿನ ಊಟದ ನಡುವೆ ಅಪ್ಪನ ಬಾಯಲ್ಲಿ ಕಟುಂ ಎಂದಿತು. ಅಮ್ಮನ ಕೈಯಲ್ಲಿ ಸೌಟು ಹಾಗೆಯೇ ನಿಂತಿತು. ಅಪ್ಪ ತುತ್ತನ್ನು ಅಂಗೈಗೆ ಉಗುಳಿ, ಬೆಳಕಿಗೆ ಹಿಡಿದು, ಬೆರಳಲ್ಲಿ ಕೆದಕಿ ನೋಡಿದರು. ಕಲ್ಲು, ಬಿಳಿ ಕಲ್ಲು. ಎರಡು ದಿನ ಬಿಟ್ಟು ಇನ್ನೊಂದು. ಆಗ ಅಮ್ಮ ತಡೆದುಕೊಳ್ಳಲಿಲ್ಲ.

‘ಏನಮ್ಮ ಇದು, ನೀನೇ ನೋಡಿದ್ದೀನಿ ಅಂದ್ಯಲ್ಲ? ಇವತ್ತು ಕಲ್ಲು, ಸರಿ. ನಾಳೆ ಗಾಜಾದ್ರೆ?’

‘ವಯಸ್ಸಾಯ್ತಲ್ಲವ್ವ’ ಎಂದರು ಅಜ್ಜಿ, ಅಷ್ಟೇ.

ಮೊರದ ಮುಂದೆ ಕೂತ ಅಜ್ಜಿಯನ್ನು ಅಂದಿನಿಂದ ಗಮನಿಸತೊಡಗಿದೆ. ಅವರು ಅಕ್ಕಿಯನ್ನು ನೋಡುತ್ತಿರಲಿಲ್ಲ, ಬೆರಳುಗಳಿಂದ ತಡವುತ್ತಿದ್ದರು. ತಟ್ಟೆಗಳನ್ನು ಬೆಳಕಿಗೆ ಹಿಡಿಯುವುದು ನಿಂತಿತ್ತು, ಅಂಗೈಯಿಂದ ಸವರುತ್ತಿದ್ದರು. ಒಂದು ಬೆಳಿಗ್ಗೆ ಅವರ ಮೂರು ಬೆರಳ ತುದಿಗೆ ಅರಿಶಿನ ಮೆತ್ತಿತ್ತು. ಈಳಿಗೆಮಣೆ ತಾಗಿತು ಎಂದರು. ಮೂರು ಬೆರಳ ತುದಿಗೂ ಒಟ್ಟಿಗೆ ಈಳಿಗೆ ತಾಗುವುದಿಲ್ಲ. ಗಾಜಿನ ಚೂರು ಸಿಕ್ಕಿತ್ತು, ಕಣ್ಣಿಗಲ್ಲ, ಕೈಗೆ. ಆದರೂ ಬಾಯಿ ಬಿಡಲಿಲ್ಲ. ದೀಪಾವಳಿಗೆ ಇನ್ನು ಹತ್ತೇ ದಿನ ಇತ್ತು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಅದರ ಮಾರನೆಯ ದಿನ ಶಾಲೆಯಿಂದ ಬಂದಾಗ ಅಜ್ಜಿ ತಮ್ಮ ಟ್ರಂಕಿನ ಮುಂದೆ ಕೂತು ಸೀರೆ ಮಡಚಿಡುತ್ತಿದ್ದರು. ಅಮ್ಮ ಮೂಗು ಒರೆಸಿಕೊಳ್ಳುತ್ತಾ ಒಲೆಯ ಹತ್ತಿರ ನಿಂತಿದ್ದಳು.

‘ಲಲ್ಲಿ, ನಿಮ್ಮಪ್ಪಂಗೆ ಏಳು. ನಾಡಿದ್ದು ಸಿಂಗಾಪುರಕ್ಕೆ ಓಗ್ತೀನಿ, ಮಗನ ಮನೆಗೆ. ಗಾಜಿನ ಮನೆಗೆ ಕಣ್ಣಿರೋರು ಬೇಕು. ನನ್ ಕೈಲಿ ಇನ್ನಾಗಾಕಿಲ್ಲ.’

ಅಡುಗೆಮನೆಯಿಂದ ಜಗಲಿಗೆ ಹತ್ತು ಹೆಜ್ಜೆ. ಸಾವಿರ ಸಲ ಓಡಿದ್ದ ದಾರಿ ಅದು. ಅಂದು ಮಾತ್ರ ನಡೆದುಕೊಂಡು ಹೋದೆ. ಅಪ್ಪ ಮರದ ಚಕ್ರದ ಮುಂದೆ ಬಾಗಿ ಕೂತಿದ್ದರು. ಮೋಟರಿನ ಸದ್ದಿನಲ್ಲಿ ಅವರಿಗೆ ಒಳಗಿನ ಮಾತು ಕೇಳಿಸಿರಲಿಲ್ಲ.

‘ಅಪ್ಪಾ, ಅಜ್ಜಿ ಸಿಂಗಾಪುರಕ್ಕೆ ಹೋಗ್ತಾರಂತೆ. ಕಣ್ಣು ಕಾಣಲ್ವಂತೆ.’ ಅಷ್ಟು ಹೇಳಿ ತಿರುಗಿ ಬರಬಹುದಿತ್ತು. ಹೇಳಿಕಳಿಸಿದ್ದು ಅಷ್ಟೇ. ‘ಅಜ್ಜಿ ಕಣ್ಣು ಚೆನ್ನಾಗೇ ಇದೆ ಅಪ್ಪ. ಕನ್ನಡಕ ನಾನು ಉಜ್ಬಿಟ್ಟೆ.’

ಅಪ್ಪ ಸ್ವಿಚ್ ಆರಿಸಿದರು. ಚಕ್ರ ನಿಂತಿತು.

‘ಯಾವ ಚಕ್ರ?’

‘ನಮ್ದಾ.’

‘ಉಗುರು ಆಡಿಸಿ ನೋಡಿದ್ಯಾ?’

‘ಹೂಂ. ಜಾರ್ತು.’

‘ನೀರು?’

‘ಹಾಕ್ಕೊಂಡೇ ಉಜ್ದೆ.’

‘ಎಷ್ಟ್ ಹೊತ್ತು?’

‘ಗೀರು ಹೋಗೋ ತನಕ. ಆಮೇಲೆ ಇನ್ನೊಂದೂ.’

ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಪ್ಪ ಎದ್ದು ಕೈ ತೊಳೆದು ಒಳಗೆ ಬಂದರು; ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು, ‘ಲಲ್ಲಿ, ಅಜ್ಜಿ ಕನ್ನಡಕ ಸ್ವಲ್ಪ ಇಸ್ಕೊ’ ಎಂದರು. ಅಜ್ಜಿ ಅದನ್ನು ನನ್ನ ಕೈಗೆ ಕೊಟ್ಟರು, ನಾನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಕಿಟಕಿಯ ಕಡೆ ಎತ್ತಿ ಹಿಡಿದು ಮೆಲ್ಲಗೆ ಆಡಿಸಿದರು. ನನ್ನನ್ನೂ ಹತ್ತಿರ ಕರೆದು ತೋರಿಸಿದರು. ಸರಳುಗಳು ನೀರಿನಲ್ಲಿ ಬಿದ್ದ ಹಗ್ಗದಂತೆ ಬಳುಕುತ್ತಿದ್ದವು.

‘ಚಕ್ರ ಸರಿಯಾಗೇ ಆರಿಸಿದ್ದೀಯ. ಒಂದು ಗೀರೂ ಬಿಟ್ಟಿಲ್ಲ, ನಾನೂ ಇಷ್ಟು ಚೆನ್ನಾಗಿ ಉಜ್ತಿರ್ಲಿಲ್ಲ. ಆದ್ರೆ ಇದು ಚಕ್ರಕ್ಕೆ ಕೊಡೋ ಗಾಜೇ ಅಲ್ವಲ್ಲೇ. ಇಲ್ಲಿ ಉಬ್ಬಿತ್ತು ನೋಡು, ಅವರ ನೋಟ ಇದ್ದಿದ್ದು ಆ ಉಬ್ಬಲ್ಲಿ. ಗೀರಿನ ಜೊತೆ ಅದನ್ನೂ ಉಜ್ಜಿ ತೆಗೆದುಬಿಟ್ಟಿದ್ದೀಯ.’ ಕನ್ನಡಕ ಕೆಳಗಿಳಿಸಿ ಕೇಳಿದರು, ‘ಕೇಳದೆ ಮುಟ್ಟಿದೆ ಅಲ್ವಾ? ನಾನೇನು ಹೇಳಿದ್ದೆ?’

ನಾನು ಅಳತೊಡಗಿದೆ. ಆಗ ಹೊಸ್ತಿಲ ಒಳಗಿನಿಂದ ಅಜ್ಜಿ ಮಾತಾಡಿದರು. ಲಲ್ಲಿ, ನಿಮ್ಮಪ್ಪಂಗೆ ಏಳು ಎನ್ನಲಿಲ್ಲ. ಗೋಡೆಯ ಕಡೆ ತಿರುಗಲಿಲ್ಲ. ಕನ್ನಡಕವಿಲ್ಲದ ಕಣ್ಣಿಗೆ ಅಪ್ಪ ಎಷ್ಟು ಕಂಡರೋ, ಅವರನ್ನೇ ನೇರವಾಗಿ ನೋಡುತ್ತಾ ಆಡಿದರು.

‘ಅವಳನ್ನ ಚಕ್ರದ ಮುಂದಿಂದ ಎಬ್ಬಿಸಬ್ಯಾಡಿ. ಮೊದಲ್ನೇ ದಿನಾನೇ ನಂಗೆ ಗೊತ್ತಾಯ್ತು, ಅವಳ ಉಗುರಲ್ಲಿ ಕೆಂಪು ಪುಡಿ ಇತ್ತು. ಬಾಯಿ ಬಿಟ್ರೆ ನೀವು ಅವಳನ್ನ ಇನ್ನು ಕೂರಿಸಾಕಿಲ್ಲ ಅಂತ ಸುಮ್ಕಿದ್ದೆ. ನನ್ ಕಣ್ಣು ಇನ್ನೆಷ್ಟು ದಿನಕ್ಕೆ? ಅವಳ ಕೈಗೆ ಈಗ ತಾನೇ ಕೆಲಸ ಅತ್ತದೆ.’

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಕನ್ನಡಕವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅವರೂ ನೇರವಾಗಿಯೇ ಹೇಳಿದರು, ಹೊಸದಾಗಿ ಪರಿಚಯವಾದವರ ಹತ್ತಿರ ಮಾತಾಡುವಷ್ಟು ಮೆಲ್ಲಗೆ.

‘ಟ್ರಂಕು ಒಳಗಿಡಿ ಅತ್ತೆ. ನಾಳೆ ಪೇಟೆಗೆ ಹೋಗಿ ಬೇರೆ ಕನ್ನಡಕ ಮಾಡಿಸೋಣ. ಅದು ಬರೋ ತನಕ ಇವಳು ನಿಮ್ಮ ಪಕ್ಕ ಕೂತು ಅಕ್ಕಿ ನೋಡ್ಲಿ. ಒಂದು ವರ್ಷ ಮೂರು ಮೊಳೆ ಬಟ್ಟೇನೂ ಇವಳೇ ಒಗೀಲಿ, ಬೇರೆ ಬೇರೆ ನೀರಲ್ಲಿ. ಚಕ್ರದ ಮಾತು ಆಮೇಲೆ.’

ಹೊಸ ಕನ್ನಡಕ ಬರುವುದಕ್ಕೆ ಮೂರು ವಾರ ಹಿಡಿಯಿತು. ಅಷ್ಟೂ ದಿನ ನಾನು ಮೊರದ ಮುಂದೆ ಕೂತು ಕಲ್ಲು ಆರಿಸಿದೆ, ತಟ್ಟೆಗಳನ್ನು ಬೆಳಕಿಗೆ ಹಿಡಿದೆ. ಆದರೆ ‘ನೋಡಿದ್ದೀನಿ’ ಎಂದು ಹೇಳುವುದನ್ನು ಅಜ್ಜಿಗೇ ಬಿಟ್ಟೆ. ಅವರು ನನ್ನ ಕಡೆ ತಿರುಗುವರು, ನಾನು ಅವರ ಮೊಣಕಾಲು ಮುಟ್ಟುವೆ, ಅವರು ಹೇಳುವರು, ಅಪ್ಪ ತುತ್ತು ಎತ್ತುವರು. ವರ್ಷ ತುಂಬುವ ಮೊದಲೇ ಅಪ್ಪ ನನ್ನನ್ನು ನಮ್ದಾದ ಮುಂದೆ ಕೂರಿಸಿದರು. ಮುಂದೆ ಆ ಜಗಲಿಯಲ್ಲಿ ನಾನೇ ಮೂವತ್ತು ವರ್ಷ ಗಾಜು ಉಜ್ಜಿದೆ. ಇಂದಿಗೂ ನನ್ನ ಎಡಗೈ ಹೆಬ್ಬೆರಳ ಉಗುರು ಉದ್ದವಿದೆ. ಮೊಮ್ಮಕ್ಕಳು ಅದಕ್ಕೆ ಬಣ್ಣ ಹಚ್ಚುತ್ತಾರೆ.

ಹಳೆಯ ಗಾಜುಗಳನ್ನು ಎಸೆಯಲು ಅಜ್ಜಿ ಬಿಡಲಿಲ್ಲ. ಫ್ರೇಮಿನ ಸಮೇತ ಅವು ಟ್ರಂಕು ಸೇರಿದವು. ಅದರ ಮುಂದಿನ ವರ್ಷ ಜಗಲಿಗೆ ಹೊಸ ಬೋರ್ಡು ಹಾಕಿದ ದಿನ, ಮನೆಯವರೆಲ್ಲ ನಿಂತು ಫೋಟೋ ತೆಗೆಸಿಕೊಳ್ಳೋಣ ಎಂದು ಅಪ್ಪ ಸ್ಟುಡಿಯೋದವರನ್ನು ಕರೆಸಿದರು. ಎಲ್ಲರ ಜೊತೆ ಒಂದಾಯಿತು, ಅಜ್ಜಿಯದೊಂದು ಬೇರೆ ಇರಲಿ ಎಂದಳು ಅಮ್ಮ. ಅಜ್ಜಿ ಒಳಗೆ ಹೋಗಿ ಟ್ರಂಕು ತೆರೆದು, ನಾನು ಉಜ್ಜಿದ ಕನ್ನಡಕ ಹಾಕಿಕೊಂಡು ಬಂದು ಕುರ್ಚಿಯ ಮೇಲೆ ಕೂತರು.

‘ಅಯ್ಯೋ, ಅದ್ರಲ್ಲಿ ನಿಂಗೇನು ಕಾಣುತ್ತಮ್ಮ?’ ಎಂದಳು ಅಮ್ಮ.

‘ನೋಡಾಕೆ ಒಸದು ಅದೆ. ಪೋಟೋದಲ್ಲಿ ಇದೇ ಪಳಪಳ ಅನ್ನೋದು’ ಎಂದರು ಅಜ್ಜಿ.

ಸ್ಟುಡಿಯೋದವರು ಇಲ್ಲಿ ನೋಡಿ ಅಜ್ಜಿ, ಇಲ್ಲಿ ನೋಡಿ ಎಂದು ಕೈ ಬೀಸುತ್ತಲೇ ಇದ್ದರು. ಅಜ್ಜಿಗೆ ಆ ಕೈ ಕಾಣಲಿಲ್ಲ. ನಾನು ಪಕ್ಕದಲ್ಲಿ, ಮೂರು ಮೊಳೆಯ ಗೋಡೆಗೆ ಒರಗಿ ನಿಂತು ನಗುತ್ತಿದ್ದೆ. ಆ ಫೋಟೋ ಈಗ ನನ್ನ ನಡುಮನೆಯ ಗೋಡೆಯ ಮೇಲಿದೆ. ಅದರ ಮೇಲಿನ ಗಾಜಿನ ಅಂಚು ಅಪ್ಪ ಉಜ್ಜಿದ್ದು. ಬಂದವರೆಲ್ಲ ಕೇಳುತ್ತಾರೆ, ನಿಮ್ಮಜ್ಜಿ ಕ್ಯಾಮರಾ ಬಿಟ್ಟು ಆ ಕಡೆ ಏನು ನೋಡುತ್ತಿದ್ದಾರೆ ಎಂದು. ನನ್ನ ನಗು ಕೇಳಿಸಿದ ಕಡೆ ತಿರುಗಿದ್ದಾರೆ ಎನ್ನುತ್ತೇನೆ.